ಮೋಡದ ಬೆಳಕಿನಲ್ಲಿ ಮಾವನ ಗೋಡೆ

ನಗರ ಕಚೇರಿಯ ಕಟ್ಟಡ ವಿಭಾಗದ ಎರಡನೇ ಗುಮಾಸ್ತನಿಗೆ ‘ಸ್ವಲ್ಪ’ ಎಂದರೆ ಎಷ್ಟು ಎಂಬ ಅಂದಾಜು ಇರಲಿಲ್ಲ. ಬಾಗಿಲಿನ ಕೀಲಿಗೆ ಸ್ವಲ್ಪ ಎಣ್ಣೆ ಬಿಡಿ ಎಂದು ಹೆಂಡತಿ ಹೇಳಿದರೆ ಮೂರು ದಿನ ಮನೆಯವರೆಲ್ಲ ಹೊಸಿಲಿನ ಮೇಲೆ ಸರದಿಯ ಪ್ರಕಾರ ಜಾರಿ ಬೀಳುತ್ತಿದ್ದರು. ಕುಂಡದ ಗಿಡಕ್ಕೆ ಸ್ವಲ್ಪ ಬಿಸಿಲು ಬೇಕು ಎಂದು ಯಾರೋ ಹೇಳಿದ್ದಕ್ಕೆ ಅದನ್ನು ತಾರಸಿಗೆ ಹೊತ್ತೊಯ್ದು, ಬೇಸಿಗೆ ಪೂರ್ತಿ ಮುಗಿದ ಮೇಲೆ ಇಳಿಸಿಕೊಂಡು ಬಂದಿದ್ದ. ಕುಂಡಕ್ಕೆ ಏನೂ ಆಗಿರಲಿಲ್ಲ.

ಇಂಥ ಕೊರತೆಯನ್ನು ಇಟ್ಟುಕೊಂಡು ಒಬ್ಬ ಮನುಷ್ಯ ಹದಿನಾಲ್ಕು ವರ್ಷ ಗುಮಾಸ್ತನಾಗಿ ಸುಖವಾಗಿ ಇರಬಹುದು. ಕಚೇರಿಯಲ್ಲಿ ಎಲ್ಲದಕ್ಕೂ ಒಂದು ನಮೂನೆ ಇರುತ್ತದೆ. ಎಷ್ಟು ಬರೆಯಬೇಕೋ ಅಷ್ಟೇ ಜಾಗ ಬಿಟ್ಟಿರುತ್ತಾರೆ. ತೊಂದರೆ ಶುರುವಾದದ್ದು ಅವನು ಕ್ಯಾಮೆರಾ ಕೊಂಡ ಮೇಲೆ.

ಅದು ಮೂರು ಜನರ ಕೈ ದಾಟಿ ಬಂದ ಕ್ಯಾಮೆರಾ. ಅದನ್ನು ಕೊರಳಿಗೆ ಹಾಕಿಕೊಂಡೇ ಅವನು ಕಚೇರಿಗೆ ಬರತೊಡಗಿದ. ಫೈಲು ಹುಡುಕಿಕೊಂಡು ಬಂದ ಜನರನ್ನು ಟ್ಯೂಬ್‌ಲೈಟಿನ ಕೆಳಗೆ ನಿಲ್ಲಿಸಿಕೊಂಡು, “ಬೆಳಕು ಅಂದ್ರೆ ಏನು ಅಂತ ಯಾವತ್ತಾದ್ರೂ ಯೋಚನೆ ಮಾಡಿದ್ದೀರಾ?” ಎಂದು ಕೇಳುತ್ತಿದ್ದ. ಜನ ತಮ್ಮ ಫೈಲಿನ ಬಗ್ಗೆ ಮಾತ್ರ ಯೋಚನೆ ಮಾಡಿಕೊಂಡು ಬಂದಿರುತ್ತಿದ್ದರು. ಆದರೂ ಕೆಲಸ ಆಗಬೇಕಲ್ಲ, “ಇಲ್ಲ ಸಾರ್, ನೀವೇ ಹೇಳಿ” ಎನ್ನುತ್ತಿದ್ದರು. ಅವನು ಹೇಳುತ್ತಿದ್ದ.

ಆ ವರ್ಷ ಹಳೇ ಕಟ್ಟಡಗಳ ಸಮೀಕ್ಷೆ ಬಂತು. ಇದಕ್ಕೊಂದು ಪದ್ಧತಿಯಿತ್ತು. ಮೊದಲೆಲ್ಲ ಎಂಜಿನಿಯರು ಸ್ವತಃ ಹೋಗಿ ಕಟ್ಟಡ ನೋಡುತ್ತಿದ್ದರು. ಒಂಬತ್ತು ವರ್ಷದ ಹಿಂದೆ ಒಬ್ಬ ಎಂಜಿನಿಯರು ಹಾಗೆ ನೋಡುತ್ತಿರುವಾಗ ಮರದ ಮೆಟ್ಟಿಲು ಮುರಿದು ಅವರ ಕಾಲು ಮೊಣಕಾಲಿನ ತನಕ ಒಳಗೆ ಹೋಯಿತು. ಕಾಲು ಹೊರಗೆ ಬಂದ ವಾರದಲ್ಲೇ ಒಂದು ಸುತ್ತೋಲೆಯೂ ಹೊರಗೆ ಬಂತು: ಇನ್ನು ಮುಂದೆ ಎಲ್ಲ ಪರಿಶೀಲನೆ ಛಾಯಾಚಿತ್ರದ ಮೂಲಕವೇ ನಡೆಯತಕ್ಕದ್ದು. ಅಂದಿನಿಂದ ವಿಭಾಗದ ಸಾಹೇಬರು ಕೂತಲ್ಲೇ ಫೋಟೋ ನೋಡಿ ಊರಿನ ಕಟ್ಟಡಗಳ ಹಣೆಬರಹ ಬರೆಯುತ್ತಿದ್ದರು. ಒಂದನೇ ವರ್ಗವಾದರೆ ಗಟ್ಟಿ. ಎರಡನೇ ವರ್ಗವಾದರೆ ರಿಪೇರಿ. ಮೂರನೇ ವರ್ಗವಾದರೆ ಖಾಲಿ ಮಾಡಿ ಕೆಡವತಕ್ಕದ್ದು.

ಪ್ರತಿಸಲ ಫೋಟೋ ತೆಗೆಯುತ್ತಿದ್ದವನು ಬೇರೆ ಕೆಲಸ ಸಿಕ್ಕಿ ಹೋಗಿದ್ದ. ಸಾಹೇಬರು ತಲೆಯೆತ್ತಿ, “ಯಾರಿಗಪ್ಪಾ ಫೋಟೋ ಬರುತ್ತೆ ಇಲ್ಲಿ?” ಎಂದರು. ಕೇಳುವ ಅಗತ್ಯವೇ ಇರಲಿಲ್ಲ. ಎರಡನೇ ಗುಮಾಸ್ತ ಆಗಲೇ ಎದ್ದು ನಿಂತಿದ್ದ. ಕ್ಯಾಮೆರಾದ ಮುಚ್ಚಳವನ್ನೂ ತೆಗೆದಿದ್ದ.

“ಸರಿಯಾಗಿ ಮಾಡು. ಮೇಲ್ವಿಚಾರಕರ ಕುರ್ಚಿ ಖಾಲಿ ಬಿದ್ದಿದೆ, ನೋಡಿದ್ದೀಯಲ್ಲ?”

ಅವನು ಆ ಕುರ್ಚಿಯನ್ನು ದಿನಕ್ಕೆ ನಾಲ್ಕು ಸಲ ನೋಡುತ್ತಿದ್ದ.

ಸಮೀಕ್ಷೆಯ ಬೀದಿಯಲ್ಲಿ ಮೂವತ್ತೊಂದು ಕಟ್ಟಡಗಳಿದ್ದವು. ಹದಿನೇಳನೆಯದು ಅವನ ಮಾವನದು. ರೈಲ್ವೆಯಲ್ಲಿ ಗಾರ್ಡ್ ಆಗಿದ್ದ ಮಾವ ನಲವತ್ತು ವರ್ಷದ ಹಿಂದೆ ರಜೆ ಹಾಕಿ ಹಾಕಿ ನಿಂತು ಕಟ್ಟಿಸಿದ ಮನೆ ಅದು. ಅದು ಬಿಟ್ಟರೆ ಅವರಿಗೆ ಬೇರೆ ಆಸ್ತಿಯೂ ಇರಲಿಲ್ಲ, ಬೇರೆ ಮಾತೂ ಇರಲಿಲ್ಲ. ಕೆಳಗೆ ಬೀದಿಗೆ ಒಬ್ಬ ಟೈಲರನ ಅಂಗಡಿ, ಅದರ ಹಿಂದೆ ಮಾವ. ಮೇಲೆ ಬಾಲ್ಕನಿಯಿದ್ದ ಮುಂದಿನ ಕೋಣೆಗಳಲ್ಲಿ ಗಣಿತ ಕಲಿಸಿ ನಿವೃತ್ತರಾದ ಒಬ್ಬ ಮೇಷ್ಟ್ರು, ಹಿಂದಿನ ಎರಡು ಕೋಣೆಗಳಲ್ಲಿ ಗುಮಾಸ್ತ ಮತ್ತು ಅವನ ಹೆಂಡತಿ. ಮದುವೆಯಾದ ಹನ್ನೊಂದು ವರ್ಷದಲ್ಲಿ ಮಾವ ಅಳಿಯನ ಜೊತೆ ನೇರವಾಗಿ ಮಾತಾಡಿದ್ದಿಲ್ಲ. ಎದುರಿಗೇ ಕೂತಿದ್ದರೂ ಮಗಳ ಕಡೆ ತಿರುಗಿ, “ನಿನ್ನ ಗಂಡನಿಗೆ ಹೇಳು, ಕಾಲು ಅಲ್ಲಾಡಿಸೋದು ನಿಲ್ಲಿಸಲಿ ಅಂತ” ಎನ್ನುತ್ತಿದ್ದರು. ಮಗಳು ಹೇಳುವ ಮೊದಲೇ ಕಾಲು ನಿಂತಿರುತ್ತಿತ್ತು.

ಗುಮಾಸ್ತ ಫೋಟೋ ತೆಗೆಯಲು ಹೊರಟ ದಿನ ಆಕಾಶಕ್ಕೆ ಮೋಡ ಕವಿದಿತ್ತು. ಮಳೆಯಿಲ್ಲ, ಗಾಳಿಯಿಲ್ಲ, ಯಾರೋ ಊರಿನ ಮೇಲೆ ಹಳೇ ಕಂಬಳಿ ಹೊದಿಸಿ ಮರೆತುಹೋದಂತೆ ಇತ್ತು. ಅವನು ಎರಡು ದಿನ ಕಾದ. ಐದು ದಿನ ಕಾದ. ಕೊನೆಗೆ ಗಡುವು ಹತ್ತಿರ ಬಂದು, ಆ ಮೋಡದಲ್ಲೇ ಮೂವತ್ತೊಂದನ್ನೂ ತೆಗೆದು ಮುಗಿಸಿದ.

ಸಾಹೇಬರು ಫೋಟೋಗಳನ್ನು ಮೇಜಿನ ಮೇಲೆ ಹರಡಿಕೊಂಡರು. ಬಹಳ ಹೊತ್ತು ನೋಡಿದರು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು.

“ಇದೇನಯ್ಯಾ ಇದು? ಒದ್ದೆ ಗೋಣಿಚೀಲ ಒಣಗಹಾಕಿದ ಹಾಗಿದೆ.”

“ಮೋಡ ಸಾರ್.”

“ಮೋಡ ಮೇಲಿರುತ್ತೆ. ಫೋಟೋದಲ್ಲಿ ಕೆಳಗ್ಯಾಕೆ ಬಂತು?”

ನಿಜಕ್ಕೂ ಕೆಳಗೆ ಬಂದಿತ್ತು. ಆಕಾಶ, ಗೋಡೆ, ರಸ್ತೆ, ರಸ್ತೆಯಲ್ಲಿ ಮಲಗಿದ್ದ ನಾಯಿ ಎಲ್ಲ ಒಂದೇ ಬೂದಿ ಬಣ್ಣ. ಎಲ್ಲಿ ಒಂದು ಮುಗಿದು ಇನ್ನೊಂದು ಶುರುವಾಗುತ್ತದೆ ಎಂಬುದು ನಾಯಿಗೂ ಗೊತ್ತಾಗುವಂತಿರಲಿಲ್ಲ.

“ಸೋಮವಾರ ಬೆಳಗ್ಗೆ ನನ್ನ ಮೇಜಿನ ಮೇಲೆ ಕಟ್ಟಡ ಇರಬೇಕು,” ಎಂದರು ಸಾಹೇಬರು. “ಗೋಣಿಚೀಲ ಅಲ್ಲ.”

ಮನೆಯಲ್ಲಿ ಮಾವ ಹದಿನೇಳನೇ ಫೋಟೋವನ್ನು ಕೈಯಲ್ಲಿ ದೂರ ಹಿಡಿದು ನೋಡಿ ಮಗಳಿಗೆ ಹೇಳಿದರು: “ಕೇಳು ನಿನ್ನ ಗಂಡನ್ನ. ನಮ್ಮ ಮನೆಗೆ ಎಷ್ಟು ದಿನದಿಂದ ಜ್ವರ ಅಂತ.”

ಗುಮಾಸ್ತ ಚಪ್ಪಲಿ ಮೆಟ್ಟಿಕೊಂಡು ಸೀದಾ ಮೂಲೆಯ ಸ್ಟುಡಿಯೋಗೆ ಹೋದ.

ಸ್ಟುಡಿಯೋದವನು ಪಾಸ್‌ಪೋರ್ಟ್ ಫೋಟೋ ತೆಗೆದೂ ತೆಗೆದೂ ಮನುಷ್ಯರ ಮುಖದ ಮೇಲೆ ಆಸಕ್ತಿ ಕಳೆದುಕೊಂಡಿದ್ದವನು. ಕಟ್ಟಡ ಕಂಡು ಅವನಿಗೆ ಖುಷಿಯೇ ಆಯಿತು. “ಮೋಡದ ದಿನ ತೆಗೆದಿದ್ದು ಹಿಂಗೇ ಸಪ್ಪೆ ಬರೋದು. ಗಾಬರಿ ಬೇಡ,” ಎಂದು ಕಂಪ್ಯೂಟರಿಗೆ ಒಂದು ಫೋಟೋ ಹಾಕಿದ. “ನೋಡಿ, ಈ ಪಟ್ಟಿ ಕಾಂಟ್ರಾಸ್ಟ್. ಇದನ್ನ ಬಲಗಡೆ ಎಳೆದ್ರೆ ಕಪ್ಪು ಇನ್ನೂ ಕಪ್ಪಾಗುತ್ತೆ, ಬಿಳಿ ಇನ್ನೂ ಬಿಳಿಯಾಗುತ್ತೆ. ಸ್ವಲ್ಪ ಎಳೀಬೇಕು.”

“ಸ್ವಲ್ಪ ಅಂದ್ರೆ?”

“ಸ್ವಲ್ಪ ಅಂದ್ರೆ ಸ್ವಲ್ಪ ಕಣ್ರೀ. ಕಣ್ಣಿಗೆ ಗೊತ್ತಾಗುತ್ತೆ.”

ಗುಮಾಸ್ತನ ಕಣ್ಣಿಗೆ ಗೊತ್ತಾಗುವುದಿಲ್ಲ ಎಂಬುದು ಸ್ಟುಡಿಯೋದವನಿಗೆ ಅವನ ಮುಖ ನೋಡಿದ ಕೂಡಲೇ ತಿಳಿಯಿತು. “ಹೋಗ್ಲಿ ಬಿಡಿ. ಹದಿನೆಂಟು ಅಂತ ಇಡಿ. ಎಲ್ಲದಕ್ಕೂ ಹದಿನೆಂಟು. ಅದರ ಮೇಲೆ ಕೈ ಹಾಕ್ಬೇಡಿ.”

ಭಾನುವಾರ ಗುಮಾಸ್ತ ಕಚೇರಿಯ ಬೀಗ ತೆಗೆಸಿ ಕಂಪ್ಯೂಟರಿನ ಮುಂದೆ ಕೂತ. ಮೂವತ್ತು ಕಟ್ಟಡಗಳಿಗೆ ಹದಿನೆಂಟು ಇಟ್ಟ. ಒಂದೊಂದಕ್ಕೂ ಜೀವ ಬಂತು. ನಾಯಿಯೂ ರಸ್ತೆಯಿಂದ ಬೇರೆಯಾಯಿತು. ಹದಿನೇಳನೆಯದನ್ನು ಮಾತ್ರ ಕೊನೆಗೆ ಎತ್ತಿಟ್ಟುಕೊಂಡಿದ್ದ. ಅದು ಮಾವನ ಮನೆ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಮಾವ ಅವನ ಕೈಯಿಂದ ಏನಾದರೊಂದು ನಿರೀಕ್ಷಿಸಿದ್ದರು, ಅದೂ ಜ್ವರದ ಬಗ್ಗೆ ವಿವರಣೆ. ಊರಿನವರ ಮನೆಗೆಲ್ಲ ಇಟ್ಟ ಹದಿನೆಂಟನ್ನೇ ಸ್ವಂತ ಮಾವನಿಗೂ ಇಡುವುದೆಂದರೆ ಹೇಗೆ? ಸಂಬಂಧಕ್ಕೆ ಒಂದು ಬೆಲೆ ಬೇಡವೇ?

ಮೂವತ್ತಕ್ಕೆ ಎಳೆದ. ಮನೆ ಎದ್ದು ಕೂತಿತು. ಅರವತ್ತಕ್ಕೆ ಎಳೆದ. ಮನೆ ಎದ್ದು ನಿಂತಿತು. ನೂರಕ್ಕೆ ಎಳೆದ ಮೇಲೆ ಅದರ ಕೆಳಗೆ ಇನ್ನೂ ಮೂರು ಪಟ್ಟಿಗಳಿರುವುದು ಕಂಡಿತು. ಅವೇನೆಂದು ಅವನಿಗೆ ಗೊತ್ತಿರಲಿಲ್ಲ. ಬಲಗಡೆ ಎಳೆಯಬೇಕು ಎಂಬುದು ಗೊತ್ತಿತ್ತು. ಮೂರನ್ನೂ ಎಳೆದ.

ಪರದೆಯ ಮೇಲೆ ಈಗ ಇದ್ದದ್ದು ಮನೆಯಲ್ಲ, ಯುದ್ಧಕ್ಕೆ ಸಿದ್ಧವಾದ ಕೋಟೆ. ಹಿಂದೆ ಆಕಾಶ ಕುದಿಯುತ್ತಿತ್ತು. ಗಾರೆಯ ಮೇಲಿನ ಕೂದಲೆಳೆಯಂಥ ಸುಕ್ಕುಗಳು, ಎಂದೋ ಕಿತ್ತುಹಾಕಿದ ಬಳ್ಳಿ ಬಿಟ್ಟುಹೋದ ಗುರುತು, ತಾರಸಿಯ ಕೊಳವೆಯಿಂದ ಇಳಿದ ನೀರಿನ ಕಲೆ ಎಲ್ಲ ಕಡು ಕಪ್ಪಾಗಿ, ಒಂದಕ್ಕೊಂದು ಕೈಹಿಡಿದು, ಬಾಲ್ಕನಿಯ ಅಡಿಯಿಂದ ಟೈಲರನ ಬಾಗಿಲ ತನಕ ಇಳಿದಿದ್ದವು. ತನ್ನ ಕಣ್ಣಿನಲ್ಲಿ ಇಂಥ ಕಲೆ ಇದೆಯೆಂದು ಗುಮಾಸ್ತನಿಗೇ ಗೊತ್ತಿರಲಿಲ್ಲ.

ಒಂದು ಪ್ರತಿಯನ್ನು ಸಾಹೇಬರ ಮೇಜಿಗೆ ಇಟ್ಟ. ಇನ್ನೊಂದನ್ನು ಎರಡು ಅಡಿ ಅಗಲಕ್ಕೆ ಮುದ್ರಿಸಿ, ಚೌಕಟ್ಟು ಹಾಕಿಸಿ ಮಾವನಿಗೆ ಕೊಟ್ಟ. ಮಾವ ಬಹಳ ಹೊತ್ತು ನೋಡಿ, “ಹೇಳು ಅವನಿಗೆ, ಈಗ ಮನೆ ಥರ ಕಾಣ್ತಿದೆ ಅಂತ” ಎಂದರು. ಆಮೇಲೆ ತಾವೇ ಸ್ಟೂಲು ಹತ್ತಿ ಮುಂದಿನ ಕೋಣೆಯಲ್ಲಿ ಅದನ್ನು ನೇತುಹಾಕಿದರು. ಬಂದವರಿಗೆಲ್ಲ ತೋರಿಸಿದರು.

ಗುರುವಾರ ನೋಟಿಸು ಬಂತು.

ಮೂವತ್ತೊಂದು ಲಕೋಟೆಗಳಿಗೂ ಮೊಹರು ಒತ್ತಿದವನು ಗುಮಾಸ್ತನೇ. ಒಳಗೆ ಏನಿದೆ ಎಂದು ನೋಡುವ ಅಭ್ಯಾಸ ಕಚೇರಿಯಲ್ಲಿ ಯಾರಿಗೂ ಇರಲಿಲ್ಲ. ಮಾವ ಲಕೋಟೆ ಒಡೆದರು. ಅದೇ ಫೋಟೋ, ಚಿಕ್ಕದು. ಅದರಲ್ಲಿನ ಕಪ್ಪು ಗೆರೆಗಳ ಸುತ್ತ ಕೆಂಪು ಶಾಯಿಯಲ್ಲಿ ನಾಲ್ಕು ಸೊನ್ನೆ. ‘ಮುಂಭಾಗದ ಗೋಡೆಯಲ್ಲಿ ಗಂಭೀರ ಬಿರುಕು. ಮೂರನೇ ವರ್ಗ. ತೆರವುಗೊಳಿಸಿ ಕೆಡವತಕ್ಕದ್ದು. ಆಕ್ಷೇಪಣೆ ಇದ್ದಲ್ಲಿ ಏಳು ದಿನಗಳೊಳಗೆ ಹೊಸ ಛಾಯಾಚಿತ್ರ ಸಲ್ಲಿಸತಕ್ಕದ್ದು.’

ಮಾವ ಎದ್ದು ಹೋಗಿ ಗೋಡೆಯ ಮೇಲಿನ ದೊಡ್ಡ ಫೋಟೋದ ಮುಂದೆ ನಿಂತರು. ನಾಲ್ಕು ದಿನದಿಂದ ಕೋಟೆಯಾಗಿ ಕಾಣುತ್ತಿದ್ದದ್ದು ಈಗ ಬರೀ ಬಿರುಕಾಗಿ ಕಂಡಿತು. ಅಳಿಯ ಬಾಗಿಲಲ್ಲಿ ನಿಂತಿದ್ದ.

“ಏನ್ರೀ,” ಎಂದರು ಮಾವ. ಮಗಳು ಗಾಬರಿಯಾಗಿ ಅಡುಗೆಮನೆಯಿಂದ ಓಡಿಬಂದಳು. ಅಪ್ಪ ಗಂಡನ ಜೊತೆ ನೇರವಾಗಿ ಮಾತಾಡುತ್ತಿದ್ದಾರೆಂದರೆ ಯಾರೋ ಸತ್ತಿರಬೇಕು. “ಏನ್ರೀ, ನಲವತ್ತು ವರ್ಷ ಈ ಗೋಡೆ ಮುಂದೆ ಓಡಾಡಿದ್ದೀನಿ. ನನ್ನ ಕಣ್ಣಿಗೆ ಬೀಳಲಿಲ್ಲವಲ್ರೀ ಇದು!”

“ಬಿರುಕಲ್ಲ ಮಾವ. ಚೆನ್ನಾಗಿ ಬರಲಿ ಅಂತ ನಾನೇ ಸ್ವಲ್ಪ...”

“ಸಮಾಧಾನ ಹೇಳ್ಬೇಡಿ.”

ಅಷ್ಟರಲ್ಲಿ ಮೇಲಿನ ಮೇಷ್ಟ್ರು ಸ್ಕೇಲು ಹಿಡಿದು ಇಳಿದು ಬಂದರು. ಗಣಿತದ ಮನುಷ್ಯ, ಬಾಯಿಮಾತು ನಂಬುವವರಲ್ಲ. ಚೌಕಟ್ಟಿನ ಹತ್ತಿರ ಮೂಗು ತಂದು ಅಳೆದರು. “ಬಾಗಿಲು ಏಳು ಅಡಿ. ಫೋಟೋದಲ್ಲಿ ಹತ್ತೂವರೆ ಸೆಂಟಿಮೀಟರು. ಬಿರುಕಿನ ಅಗಲ ಇಲ್ಲಿ ನಾಲ್ಕು ಮಿಲಿಮೀಟರು.” ಕಣ್ಣು ಮುಚ್ಚಿ ತುಟಿ ಅಲ್ಲಾಡಿಸಿದರು. “ಅಂದ್ರೆ, ಹೆಚ್ಚು ಕಡಿಮೆ ಮೂರೂಕಾಲು ಇಂಚು. ಕೈ ತೂರುತ್ತೆ ಸ್ವಾಮಿ!”

“ಮೇಷ್ಟ್ರೇ, ಗೋಡೆ ಹೊರಗೇ ಇದೆಯಲ್ಲ,” ಎಂದಳು ಗುಮಾಸ್ತನ ಹೆಂಡತಿ. “ಹೋಗಿ ಕೈ ತೂರಿಸಿ ನೋಡಬಾರ್ದಾ?”

ಮೇಷ್ಟ್ರು ಅವಳನ್ನು ಹಿಂದಿನ ಬೆಂಚಿನ ವಿದ್ಯಾರ್ಥಿನಿಯಂತೆ ನೋಡಿದರು. “ಬರಿಗಣ್ಣಿಗೆ ಕಾಣೋದಾಗಿದ್ರೆ ಸರ್ಕಾರ ಫೋಟೋ ಯಾಕಮ್ಮಾ ತೆಗೆಸ್ತಿತ್ತು?”

ಸಂಜೆಯೊಳಗೆ ಮೇಷ್ಟ್ರು ತಮ್ಮ ಪುಸ್ತಕಗಳನ್ನು ಕಟ್ಟಿಕೊಂಡು ತಂಗಿಯ ಮನೆಗೆ ಹೊರಟುಹೋದರು. ಟೈಲರು ಹೊಲಿಗೆಯಂತ್ರವನ್ನು ಎದುರುಗಡೆಯ ಕಾಲುದಾರಿಗೆ ಎತ್ತಿಟ್ಟು, ತಲೆಯ ಮೇಲೆ ಕೊಡೆ ಕಟ್ಟಿಕೊಂಡ.

“ಗೋಡೆ ನಡುಗ್ತಿದೆ ತಾಯಿ,” ಎಂದ ಗುಮಾಸ್ತನ ಹೆಂಡತಿಗೆ. “ನಿನ್ನೆಯಿಂದ ಹೊಲಿಗೆ ಎಲ್ಲಾ ಡೊಂಕು.”

“ನಿಮ್ಮ ಹೊಲಿಗೆ ನಾನು ಮದುವೆಗೆ ರವಿಕೆ ಹೊಲಿಸಿದಾಗಲೂ ಹಂಗೇ ಇತ್ತು.”

“ಆಗಿನಿಂದಲೂ ನಡುಗ್ತಿರಬೇಕು,” ಎಂದ ಟೈಲರು ಗಂಭೀರವಾಗಿ.

ಶುಕ್ರವಾರ ಹೆಂಡತಿಯ ಅಕ್ಕ ಒಂದು ಸಾಮಾನು ಗಾಡಿ ಮಾಡಿಕೊಂಡು ಬಂದಳು. ಅಪ್ಪನನ್ನು ತಬ್ಬಿಕೊಂಡು ಅತ್ತಳು. ಅಳುತ್ತಲೇ ಅಮ್ಮನ ಕಾಲದ ತೇಗದ ಬೀರುವಿನ ಹಿಂದೆ ಕೈಯಾಡಿಸಿ, ಗೋಡೆಗೆ ಮೊಳೆ ಹೊಡೆದಿಲ್ಲ ಎಂಬುದನ್ನು ಖಚಿತಪಡಿಸಿಕೊಂಡಳು. “ಮನೆ ಬಿದ್ರೆ ಬೀಳ್ಲಿ ಅಪ್ಪಾ, ಅಮ್ಮನ ನೆನಪು ಉಳೀಬೇಕಲ್ಲ. ಜೋಪಾನವಾಗಿ ನಮ್ಮ ಮನೇಲಿ ಇಟ್ಟಿರ್ತೀನಿ.”

“ಅಕ್ಕಾ, ಹತ್ತು ವರ್ಷದಿಂದ ಆ ಬೀರು ಕೇಳ್ತಾನೇ ಇದ್ದೆಯಲ್ಲ ನೀನು,” ಎಂದಳು ತಂಗಿ.

“ಆಗ ಆಸೆಗೆ ಕೇಳ್ತಿದ್ದೆ ಕಣೇ. ಈಗ ಕರ್ತವ್ಯಕ್ಕೆ.”

ಬೀರು ಗಾಡಿ ಹತ್ತಿತು. ಅಪ್ಪನನ್ನೂ ಹತ್ತಿಸಿಕೊಳ್ಳಲು ಗಾಡಿಯಲ್ಲಿ ಜಾಗವಿರಲಿಲ್ಲ.

ಅದೇ ದಿನ ಗುಮಾಸ್ತ ಸಾಹೇಬರ ಎದುರು ಹೋಗಿ ನಿಂತ. ಪ್ರಮಾಣ ಮಾಡಿ ಹೇಳುವುದೆಂದು ನಿರ್ಧರಿಸಿಕೊಂಡೇ ಬಂದಿದ್ದ.

“ಸಾರ್, ಹದಿನೇಳನೇ ಕಟ್ಟಡದಲ್ಲಿ ಬಿರುಕು ಇಲ್ಲ ಸಾರ್. ಫೋಟೋನ ನಾನೇ ಎಳೆದಿದ್ದು.”

“ಎಲ್ಲದನ್ನೂ ಎಳೆದಿದ್ದೀಯಲ್ಲ?”

“ಹೌದು ಸಾರ್.”

“ಮೂವತ್ತರಲ್ಲಿ ಬಿರುಕು ಬರಲಿಲ್ಲ, ಒಂದರಲ್ಲಿ ಬಂತು. ಇಲ್ಲದ್ದು ಎಳೆದ್ರೆ ಬರುತ್ತೇನಯ್ಯಾ?”

“ಅದನ್ನ ಜಾಸ್ತಿ ಎಳೆದೆ ಸಾರ್.”

“ಯಾಕೆ?”

“ಅದು ನನ್ನ ಮಾವನ ಮನೆ ಸಾರ್.”

ಸಾಹೇಬರು ಪೆನ್ನು ಕೆಳಗಿಟ್ಟರು. ನಿಧಾನವಾಗಿ ಕುರ್ಚಿಯಿಂದ ಎದ್ದರು. ವಿಭಾಗದ ಬಾಗಿಲು ತೆಗೆದು ಎಲ್ಲರನ್ನೂ ಒಳಗೆ ಕರೆದರು. “ನೋಡಿ ಇವನನ್ನ! ಎಲ್ಲರ ಮನೇನೂ ಒಂದು ಸಲ ನೋಡಿದ. ಸ್ವಂತ ಮಾವನ ಮನೇನ ಎರಡು ಪಟ್ಟು ಕಠಿಣವಾಗಿ ನೋಡಿದ. ತಾನೇ ಇರೋ ಮನೆ! ನಿಮ್ಮಲ್ಲಿ ಯಾರಾದ್ರೂ ಮಾಡ್ತಿದ್ರಾ?”

ಯಾರೂ ಮಾಡುತ್ತಿರಲಿಲ್ಲ, ಅದನ್ನು ಎಲ್ಲರೂ ಒಪ್ಪಿಕೊಂಡರು. ಟೈಪಿಸ್ಟು ಚಪ್ಪಾಳೆ ಶುರುಮಾಡಿದಳು. ಹದಿನಾಲ್ಕು ವರ್ಷದಲ್ಲಿ ಗುಮಾಸ್ತ ಕೇಳಿದ ಮೊದಲ ಚಪ್ಪಾಳೆ ಅದು. ಪ್ರಮಾಣ ಮಾಡುವ ಬದಲು ಅವನು ಎಲ್ಲರಿಗೂ ಕೈಮುಗಿದ. ಜನ ಹೋದ ಮೇಲೆ ಕಷ್ಟಪಟ್ಟು, “ಸಾರ್, ತಾವೇ ಒಂದು ಸಲ ಬಂದು ಗೋಡೆ ನೋಡಿದ್ರೆ...” ಎಂದ.

“ನಾನು ಕಣ್ಣಲ್ಲಿ ನೋಡಿದ್ದನ್ನ ಯಾವ ಫೈಲಿಗೆ ಹಾಕ್ಲಿ? ಆಕ್ಷೇಪಣೆ ಇದ್ರೆ ಹೊಸ ಫೋಟೋ ಕೊಡು.”

ಶನಿವಾರ ಅವನು ಹೊಸ ಫೋಟೋ ತೆಗೆದ. ಮೋಡ ಇನ್ನೂ ಹಾಗೇ ಇತ್ತು. ಭಯಪಟ್ಟು ಯಾವ ಪಟ್ಟಿಯನ್ನೂ ಮುಟ್ಟದೆ ಹಾಗೇ ಕೊಟ್ಟ. ಸಾಹೇಬರು ಮುಗುಳ್ನಕ್ಕು ಅದನ್ನು ಹಿಂದಕ್ಕೆ ತಳ್ಳಿದರು. “ಮತ್ತೆ ಗೋಣಿಚೀಲ. ಮನೆಯವರ ಒತ್ತಡ ಅಲ್ವಾ? ಅರ್ಥ ಆಗುತ್ತೆ. ಬಿರುಕನ್ನ ಮಂಜಲ್ಲಿ ಮುಚ್ಚೋಕೆ ಹೇಳಿದ್ದಾರೆ. ಬಿಸಿಲಲ್ಲಿ ತೆಗೆದು ತಂದುಕೊಡು, ನೋಡೋಣ.”

ಆಮೇಲೆ ಆ ಮನೆಯಲ್ಲಿ ಬಿಸಿಲನ್ನು ಕಾಯುವುದೇ ಕೆಲಸವಾಯಿತು. ಹೆಂಡತಿ ಗಳಿಗೆಗೊಮ್ಮೆ ತಾರಸಿ ಹತ್ತಿ ಆಕಾಶ ನೋಡಿ ಬರುತ್ತಿದ್ದಳು. ಗುಮಾಸ್ತ ಸ್ನಾನಕ್ಕೂ ಕ್ಯಾಮೆರಾ ತೆಗೆದುಕೊಂಡು ಹೋಗುತ್ತಿದ್ದ. ಮಾವ ಮಾತ್ರ ಆಕಾಶ ನೋಡಲಿಲ್ಲ. ಕುರ್ಚಿಯನ್ನು ದೊಡ್ಡ ಫೋಟೋದ ಎದುರಿಗೆ ಎಳೆದುಕೊಂಡು ಕೂತೇ ಇರುತ್ತಿದ್ದರು. ಒಮ್ಮೆ ಮಗಳನ್ನು ಕರೆದು, “ಇಲ್ಲಿ ನೋಡು. ಈ ಕವಲು ನಿನ್ನೆ ಇಷ್ಟು ಉದ್ದ ಇತ್ತಾ?” ಎಂದರು.

“ಅಪ್ಪಾ, ಅದು ಫೋಟೋ. ಬೆಳೆಯಲ್ಲ.”

“ಮೇಷ್ಟ್ರು ಇದ್ದಿದ್ರೆ ಅಳೆದು ಹೇಳೋರು,” ಎಂದು ನಿಟ್ಟುಸಿರಿಟ್ಟರು.

ಆರನೇ ದಿನ ಬುಧವಾರ ಬೆಳಗ್ಗೆ ಏಳು ಗಂಟೆಗೆ ಮೋಡ ಹರಿದು ಬಿಸಿಲು ಬಿತ್ತು. ಗುಮಾಸ್ತ ಹಲ್ಲುಜ್ಜುವ ಬ್ರಷ್ಷನ್ನು ಬಾಯಲ್ಲಿಟ್ಟುಕೊಂಡೇ ರಸ್ತೆಗೆ ಓಡಿ ಇಪ್ಪತ್ತು ಫೋಟೋ ಹೊಡೆದ. ಹೊಡೆದು ಪರದೆ ನೋಡಿಕೊಂಡವನು ಬ್ರಷ್ಷನ್ನು ಕಚ್ಚಿದ. ಬೀದಿಯ ತುದಿಯಿಂದ ಓರೆಯಾಗಿ ಬಂದ ಬಿಸಿಲು ಗೋಡೆಯನ್ನು ಸವರಿಕೊಂಡು ಹೋಗುತ್ತಿತ್ತು. ನಲವತ್ತು ವರ್ಷದ ಹಿಂದೆ ಗಾರೆಯವನು ಕರಣೆ ಆಡಿಸಿದ ಒಂದೊಂದು ಗುರುತೂ ಒಂದೊಂದು ನೆರಳು ಚೆಲ್ಲಿತ್ತು. ಮಾವನ ಗೋಡೆ ಚಂದ್ರನ ಮೇಲ್ಮೈಯಂತೆ ಕಾಣುತ್ತಿತ್ತು.

ಸ್ಟುಡಿಯೋದ ಬಾಗಿಲು ತೆಗೆಯುವ ತನಕ ಮೆಟ್ಟಿಲ ಮೇಲೆ ಕೂತಿದ್ದು, ತೆಗೆದ ಕೂಡಲೇ ಒಳಗೆ ನುಗ್ಗಿದ. ಸ್ಟುಡಿಯೋದವನು ನೋಡಿ ತಲೆ ಚಚ್ಚಿಕೊಂಡ.

“ಬೆಳಗಿನ ಓರೆ ಬಿಸಿಲಲ್ಲಿ ಗೋಡೆ ತೆಗೀತಾರೇನ್ರೀ ಯಾರಾದ್ರೂ? ಹೊಸ ಗೋಡೇನೂ ಹಾಳುಬಿದ್ದ ಹಾಗೆ ಕಾಣುತ್ತೆ. ಗೋಡೆಗೆ ಮೋಡದ ಬೆಳಕೇ ವಾಸಿ. ಇದ್ದದ್ದು ಇದ್ದ ಹಾಗೆ ಬರುತ್ತೆ.”

“ಹಂಗಾದ್ರೆ ನನ್ನ ಮೊದಲನೇ ಫೋಟೋ?”

“ಸಪ್ಪೆ ಇತ್ತು. ಸರಿಯಾಗೇ ಇತ್ತು. ಹದಿನೆಂಟು ಇಟ್ಟಿದ್ರೆ ಮುಗೀತು. ನೀವು ಎಷ್ಟು ಇಟ್ರಿ?”

ಗುಮಾಸ್ತ ಎಷ್ಟೆಂದು ಹೇಳಿದ. ಸ್ಟುಡಿಯೋದವನು ಕುರ್ಚಿಯಲ್ಲಿ ಕೂತುಕೊಂಡ. ಆಮೇಲೆ ಮೊದಲ ಫೋಟೋವನ್ನು ಕಂಪ್ಯೂಟರಿಗೆ ಹಾಕಿ, ಹದಿನೆಂಟಿಟ್ಟು, ಮುದ್ರಿಸಿ ಕೈಗೆ ಕೊಟ್ಟ. ಅದರಲ್ಲಿ ಒಂದು ಗಟ್ಟಿಮುಟ್ಟಾದ, ತುಸು ಹಳೆಯದಾದ ಮನೆಯಿತ್ತು. ಬಿರುಕಿರಲಿಲ್ಲ. ಇದನ್ನು ಕಂಡರೆ ಸಾಹೇಬರು ಒಪ್ಪಲೇಬೇಕು. ಒಂದು ದಿನ ಇನ್ನೂ ಬಾಕಿಯಿತ್ತು. ಗುಮಾಸ್ತ ಫೋಟೋವನ್ನು ಎದೆಗವುಚಿಕೊಂಡು ಮನೆಯ ಕಡೆ ಓಡಿದ. ಮೊದಲು ಮಾವನಿಗೆ ತೋರಿಸಬೇಕು ಎನ್ನಿಸಿತ್ತು.

ಮನೆಯ ಮುಂದೆ ಜನ ಸೇರಿದ್ದರು.

ಮಾವ ಆ ಬೆಳಗ್ಗೆಯೇ ಗಾರೆಯವನನ್ನು ಕರೆಸಿದ್ದರು. ನಾಳೆಯ ಗಡುವಿನ ಒಳಗೆ ಬಿರುಕು ಮುಚ್ಚಿಸಿ, ಮುಚ್ಚಿದ ಗೋಡೆಯ ಫೋಟೋ ಕೊಡುವುದು ಅವರ ಯೋಚನೆ. ಗಾರೆಯವನು ಏಣಿ ಹತ್ತಿ ಗೋಡೆಯನ್ನು ಸವರಿ, “ಎಲ್ಲಿದೆ ಯಜಮಾನ್ರೇ ಬಿರುಕು?” ಎಂದು ಕೇಳಿದ್ದ. ಮಾವ ಒಳಗಿನಿಂದ ಚೌಕಟ್ಟಿನ ಫೋಟೋವನ್ನು ಹೊತ್ತು ತಂದು ರಸ್ತೆಯಲ್ಲಿ ನಿಲ್ಲಿಸಿದ್ದರು. ಗಾರೆಯವನು ಫೋಟೋ ನೋಡಿ ದಂಗಾದ. ಗೋಡೆ ನೋಡಿದ. ಮತ್ತೆ ಫೋಟೋ ನೋಡಿದ.

“ಮೇಲೆ ಕಾಣ್ತಿಲ್ಲ ಅಂದ್ರೆ ಒಳಗಿರ್ಬೇಕು,” ಎಂದು ಉಳಿ ಎತ್ತಿಕೊಂಡ.

ಗುಮಾಸ್ತ ಬರುವ ಹೊತ್ತಿಗೆ ಗಾರೆಯೆಲ್ಲ ಉದುರಿ ಇಟ್ಟಿಗೆ ಕಾಣುತ್ತಿತ್ತು. ಬಿರುಕು ಸಿಕ್ಕಿರಲಿಲ್ಲ. ಟೈಲರು ಚೌಕಟ್ಟನ್ನು ಎತ್ತಿ ಹಿಡಿದುಕೊಂಡು ದಾರಿ ಹೇಳುತ್ತಿದ್ದ: “ಇನ್ನೂ ಎಡಕ್ಕೆ! ಕಿಟಕಿಯಿಂದ ಒಂದು ಗೇಣು! ಫೋಟೋದಲ್ಲಿ ಅಲ್ಲೇ ಕವಲೊಡೆದಿದೆ!” ದಾರಿಹೋಕರೂ ಸುಮ್ಮನಿರಲಿಲ್ಲ. ಒಬ್ಬ, “ಬಾಲ್ಕನಿ ಕೆಳಗೆ ನೋಡಪ್ಪಾ, ಅಲ್ಲಿ ಜಾಸ್ತಿ ಕಪ್ಪಿದೆ” ಎಂದ. ಗಾರೆಯವನು ಬಾಲ್ಕನಿ ಕೆಳಗಿನ ಇಟ್ಟಿಗೆಗಳನ್ನು ಒಂದೊಂದಾಗಿ ಕೀಳತೊಡಗಿದ. ಹೆಂಡತಿ ಏಣಿಯನ್ನು ಹಿಡಿದು ಜಗ್ಗುತ್ತ, “ಇಳಿಯಪ್ಪಾ ಕೆಳಗೆ, ಇರೋ ಗೋಡೆ ತೆಗೀತಿದ್ದೀಯಲ್ಲ!” ಎಂದು ಕೂಗುತ್ತಿದ್ದಳು. ಜನ ಅವಳ ಮಾತು ಕೇಳಬೇಕೆಂದರೆ ಅವಳ ಬಳಿ ಫೋಟೋ ಇರಲಿಲ್ಲ.

“ನಿಲ್ಲಿಸಿ!” ಗುಮಾಸ್ತ ಜನರನ್ನು ತಳ್ಳಿಕೊಂಡು ಬಂದ. “ಮಾವ, ನಿಲ್ಲಿಸೋಕೆ ಹೇಳಿ! ಬಿರುಕೇ ಇಲ್ಲ! ಇಲ್ಲಿ ನೋಡಿ, ಇದು ನಿಜವಾದ ಫೋಟೋ!”

ಮಾವ ಅವನ ಕೈಯಲ್ಲಿದ್ದ ಫೋಟೋ ನೋಡಿದರು. ಅವರ ಕಣ್ಣು ಒದ್ದೆಯಾಯಿತು. ಅಳಿಯನ ಭುಜದ ಮೇಲೆ ಕೈಯಿಟ್ಟರು. ಅದೂ ಮೊದಲ ಸಲ.

“ನನ್ನ ಸಮಾಧಾನಕ್ಕೆ ಸುಳ್ಳು ಫೋಟೋ ಮಾಡಿಸ್ಕೊಂಡು ಬಂದ್ರಾ? ನೀವು ಒಳ್ಳೇವ್ರು. ನಾನೇ ತಿಳ್ಕೊಂಡಿರ್ಲಿಲ್ಲ. ಆದ್ರೆ ಒಂದು ಸಲ ನಿಜ ಹೇಳಿದ್ಮೇಲೆ ಹಿಂದೆ ಸರೀಬಾರ್ದು.” ಗಾರೆಯವನ ಕಡೆ ತಿರುಗಿ, “ಹೊಡಿಯಪ್ಪಾ” ಎಂದರು.

ಗಾರೆಯವನು ಇನ್ನೊಂದು ಇಟ್ಟಿಗೆ ಎಳೆದ. ಒಳಗೆಲ್ಲೋ ಯಾರೋ ಗಂಟಲು ಸರಿಮಾಡಿಕೊಂಡಂಥ ಸದ್ದಾಯಿತು. ಗಾರೆಯವನು ಏಣಿಯಿಂದ ಇಳಿಯಲಿಲ್ಲ, ಹಾರಿದ. ಹೆಂಡತಿ ಅಪ್ಪನನ್ನು ಹಿಂದಕ್ಕೆ ಎಳೆದುಕೊಂಡಳು. ಬಾಲ್ಕನಿ ಮುಂದಕ್ಕೆ ಬಾಗಿತು. ಗಡಿಬಿಡಿಯಿಲ್ಲದೆ, ನಿವೃತ್ತಿಯ ದಿನ ಕುರ್ಚಿ ಬಿಟ್ಟೇಳುವ ಅಧಿಕಾರಿಯ ಹಾಗೆ ಕೆಳಗಿಳಿಯಿತು. ಅದರ ಹಿಂದೆ ಗೋಡೆಯೂ ಹೊರಟಿತು. ಧೂಳು ಇಳಿಯಿತು. ಬಿಸಿಲು ಅಷ್ಟು ಹೊತ್ತಿಗೆ ಮೇಲೇರಿ ಬಹಳ ಚೆನ್ನಾಗಿತ್ತು. ಗುಮಾಸ್ತನ ಬೆರಳು ಯಾವಾಗ ಒತ್ತಿತೋ, ಕ್ಯಾಮೆರಾ ಕ್ಲಿಕ್ ಎಂದಿತು.

“ಅಬ್ಬಾ,” ಎಂದ ಟೈಲರು, ಒಮ್ಮೆ ಚೌಕಟ್ಟನ್ನೂ ಒಮ್ಮೆ ಗುಡ್ಡೆಯನ್ನೂ ನೋಡಿ. “ಸರಿಯಾಗಿ ಅಲ್ಲೇ ಬಿತ್ತು.”

ಮರುದಿನ ಸಾಹೇಬರು ಹಳೇ ಫೋಟೋ ಮತ್ತು ಹೊಸ ಫೋಟೋ ಎರಡನ್ನೂ ಪಕ್ಕಪಕ್ಕ ಇಟ್ಟು ವಿಭಾಗದವರಿಗೆಲ್ಲ ತೋರಿಸಿದರು. “ಏಳು ದಿನ ಮೊದಲೇ ಹೇಳಿದ್ದ! ಆ ಮನೆಯವರ ಪ್ರಾಣ ಉಳಿಸಿದ್ದು ಇವನ ಕಣ್ಣು.”

“ಒಂದು ಬಿರುಕೂ ಇರ್ಲಿಲ್ಲ ಸಾರ್,” ಎಂದ ಗುಮಾಸ್ತ. “ನಾನು ನಾಲ್ಕು ಪಟ್ಟಿ ಎಳೆದೆ. ಅಷ್ಟೇ.”

“ಈ ವಿನಯ ನೋಡಿ,” ಎಂದರು ಸಾಹೇಬರು. ಚಪ್ಪಾಳೆ ಹಿಂದಿನ ಸಲಕ್ಕಿಂತ ಜೋರಾಗಿತ್ತು. ಮುಂಭಾಗ ತಾನಾಗಿಯೇ ಬಿದ್ದಿರುವುದರಿಂದ ಹಿಂಭಾಗವನ್ನು ಎರಡನೇ ವರ್ಗಕ್ಕೆ ಇಳಿಸಿ, ಮನೆಯವರು ಅಲ್ಲೇ ವಾಸಿಸಬಹುದೆಂದು ಷರಾ ಬರೆದರು. ಮಧ್ಯಾಹ್ನ ಗುಮಾಸ್ತನನ್ನು ಮೇಲ್ವಿಚಾರಕರ ಕುರ್ಚಿಯಲ್ಲಿ ಕೂರಿಸಿದರು. ಮಾವ ಬೀದಿಯಲ್ಲಿ ನಿಂತು ಹೋಗಿಬರುವವರಿಗೆಲ್ಲ ತಮ್ಮ ಅಳಿಯನ ಕಣ್ಣಿನ ಬಗ್ಗೆ ಹೇಳುತ್ತಿದ್ದರು.

ಹೊಸ ಮೇಲ್ವಿಚಾರಕನ ಮೊದಲ ಕೆಲಸ ಹದಿನೇಳನೇ ಕಟ್ಟಡದ ನಷ್ಟದ ಪಟ್ಟಿ ತುಂಬುವುದು. ನಮೂನೆಯನ್ನು ಮನೆಗೆ ತಂದ. ಅಡುಗೆಮನೆಯಲ್ಲಿ ಕೂತು, ಏನೇನು ಬರೆಯಲಿ ಎಂದು ಹೆಂಡತಿಯನ್ನು ಕೇಳಿದ.

“ಇದರಲ್ಲಾದ್ರೂ ಎಷ್ಟಿದೆಯೋ ಅಷ್ಟೇ ಬರೀರಿ,” ಎಂದಳು. ಅವಳು ಹೇಳುತ್ತ ಹೋದಳು, ಅವನು ಬರೆಯುತ್ತ ಹೋದ. ಬಾಲ್ಕನಿ ಒಂದು. ಕಿಟಕಿ ಎರಡು. ಗೋಡೆ, ಹದಿನಾಲ್ಕು ಅಡಿ ಉದ್ದ. ಟೈಲರಂಗಡಿಯ ಬೋರ್ಡು ಒಂದು. ಏಣಿ ಒಂದು. ತೇಗದ ಬೀರು ಒಂದು. ಬಾಡಿಗೆದಾರರು ಇಬ್ಬರು.